ಬ್ರೇಕಿನ ದಾಹ ಅಳೆಯುವ ಗುನ್‌ವೋರ್

ಒಂದಾನೊಂದು ಕಡಲ ದಂಡೆಯಲ್ಲಿ ಎಷ್ಟು ಕುಡಿದರೂ ದಾಹ ತೀರದ ಒಬ್ಬಳಿದ್ದಳಂತೆ. ಕೊಡ, ಬಿಂದಿಗೆಗಳನ್ನೆಲ್ಲ ಬಚ್ಚಿಟ್ಟರೂ ಬಿಡದೆ ಗಾಳಿಯಲ್ಲಿದ್ದ ತೇವವನ್ನೇ ಹೀರತೊಡಗಿದಳಂತೆ. ಊರವರು ಅವಳನ್ನು ಸಣ್ಣ ಕೊಳವೆಯೊಳಗೆ ಕೂರಿಸಿ, ಇಳಿಜಾರಿನಲ್ಲಿ ಓಡುವ ಬಂಡಿಯನ್ನು ನಿಲ್ಲಿಸುವ ಕೆಲಸ ಕೊಟ್ಟರಂತೆ. ಕುಡಿದಷ್ಟೂ ಅವಳ ಬಲ ಕುಂದುತ್ತ ಬಂತು. ಮೈಬಣ್ಣ ಮಾತ್ರ ಹೊಳೆಯುತ್ತಲೇ ಇತ್ತು. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲವಂತೆ.

ಗೊತ್ತುಹಿಡಿಯುವವರು ಒಬ್ಬರಿದ್ದಾರೆ. ಪಶ್ಚಿಮ ನಾರ್ವೆಯ ಸ್ಟೈನ್‌ವಿಕ್ ಎಂಬ ಪುಟ್ಟ ಊರಿನಲ್ಲಿ ಗ್ಯಾರೇಜು ನಡೆಸುವ ಮಹಿಳೆ ಗುನ್‌ವೋರ್. ವಯಸ್ಸು ಅರವತ್ತೊಂದು. ಆ ದಾಹದವಳಿಗೆ ಅವರ ಗ್ಯಾರೇಜಿನಲ್ಲಿರುವ ಹೆಸರು ಬ್ರೇಕ್ ಆಯಿಲ್.

ಸೆಪ್ಟೆಂಬರಿನ ಶನಿವಾರ, ಬೆಳಗಿನ ಆರೂವರೆ. ಬೇಸಿಗೆಯೆಲ್ಲ ಬೆಟ್ಟದ ಮೇಲೆ ಮೇಯ್ದ ಕುರಿಗಳನ್ನು ಊರವರು ಕೆಳಗಿಳಿಸುವ ದಿನ. ಸೂರ್ಯ ಇನ್ನೂ ಬೆಟ್ಟದ ಆಚೆಗೇ ಇದ್ದಾನೆ. ಬಾಗಿಲು ತೆರೆದು, ಕಾಫಿಯ ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು, ಕಂದು ಚೀಸ್ ಹಚ್ಚಿದ ಬ್ರೆಡ್ಡನ್ನು ಗುನ್‌ವೋರ್ ಇನ್ನೇನು ಕಚ್ಚಬೇಕು, ಕುರಿ ಸಾಗಿಸುವ ಟ್ರೈಲರನ್ನು ಎಳೆದುಕೊಂಡು ಕುರಿ ಸಾಕುವ ಮಾಗ್ನೆಯ ಹಳೇ ಕಾರು ಬಂದು ನಿಲ್ಲುತ್ತದೆ. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು.

“ಟ್ರೈಲರ್ ದೀಪ ಹತ್ತುತ್ತಿಲ್ಲ. ಒಂದು ಬಲ್ಬ್ ಹಾಕ್ಬಿಡು, ಹೋಗ್ತೀನಿ.”

“ಬಾನೆಟ್ ತೆಗಿ.”

“ದೀಪ ಇರೋದು ಹಿಂದೆ ಮಾರಾಯ್ತಿ.”

“ಎಲ್ಲಿದೆ ಅಂತ ನಂಗೊತ್ತು. ತೆಗಿ.”

ಈ ಹಟಕ್ಕೆ ಕಾರಣವಿದೆ. ಮಾರ್ಚ್‌ನಲ್ಲಿ ಮಾಗ್ನೆಯ ಹೆಂಡತಿ ಸಿನ್ನೋವೆ ಇದೇ ಕಾರಿನಲ್ಲಿ ಬೆಟ್ಟ ಇಳಿಯುವಾಗ ಬ್ರೇಕ್ ಪೆಡಲ್ ಪಾಚಿ ತುಳಿದಂತೆ ಮೆತ್ತಗಾಗಿತ್ತು. ಕೆಳಗೆ ಬಂದು ತಣ್ಣಗಾದ ಮೇಲೆ ತಾನಾಗಿಯೇ ಸರಿಹೋಯಿತು. ಅದನ್ನು ಕೇಳಿದ ಗುನ್‌ವೋರ್, “ಕುರಿ ಇಳಿಸೋ ಮೊದಲು ಆಯಿಲ್ ಬದಲಾಯಿಸಿಕೊಡ್ತೀನಿ” ಎಂದು ಸಿನ್ನೋವೆಗೆ ಮಾತು ಕೊಟ್ಟಿದ್ದರು. ಆರು ತಿಂಗಳಿಂದ ಮಾಗ್ನೆ ಕೈಗೆ ಸಿಕ್ಕಿಲ್ಲ. ಇವತ್ತು ಅವರು ಹದಿನಾಲ್ಕು ಕುರಿ ತುಂಬಿಕೊಂಡು ಹದಿಮೂರು ಹೇರ್‌ಪಿನ್ ತಿರುವು ಇಳಿಯಬೇಕು, ಪಕ್ಕದ ಸೀಟಿನಲ್ಲಿ ಸಿನ್ನೋವೆ.

“ಅದು ಮಾರ್ಚ್ ಕತೆ ಕಣೇ. ಮೇ ತಿಂಗಳಲ್ಲಿ ನಾನೇ ಆಯಿಲ್ ಬದಲಾಯಿಸಿದ್ದೀನಿ. ಬಣ್ಣ ನೋಡು, ಜೇನು ಇದ್ದ ಹಾಗಿದೆ!” ಎನ್ನುತ್ತಾರೆ ಮಾಗ್ನೆ, ಬಾನೆಟ್ ಎತ್ತಿ.

ನಿಜವಾಗಿಯೂ ಜೇನಿನ ಬಣ್ಣವೇ. ಗುನ್‌ವೋರ್ ಬಣ್ಣವನ್ನು ನಂಬುವವರಲ್ಲ. ಅಂಗೈಯಗಲದ ಯಂತ್ರವೊಂದರಲ್ಲಿ ಸ್ವಲ್ಪ ಆಯಿಲ್ ಕಾಯಿಸಿ, ಅದು ಎಷ್ಟು ಬಿಸಿಗೆ ಕುದಿಯುತ್ತದೆ ಎಂದು ನೋಡುತ್ತಾರೆ. ನೀರು ಹೀರಿದ ಆಯಿಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಹೊಸದಾದರೆ ಇನ್ನೂರ ಮೂವತ್ತು ಡಿಗ್ರಿ ದಾಟಬೇಕು. ನೂರೆಂಬತ್ತಕ್ಕಿಂತ ಕೆಳಗೆ ಕುದಿದರೆ ಅಂಥ ಕಾರನ್ನು ಅವರು ಬೆಟ್ಟ ಹತ್ತಲು ಬಿಡುವುದಿಲ್ಲ. ಇವತ್ತು ಅಂಕಿ ನೂರೈವತ್ತೊಂದಕ್ಕೇ ನಿಲ್ಲುತ್ತದೆ.

“ಯಾವ ಡಬ್ಬಿಯಿಂದ ಹಾಕಿದೆ?”

“ದೋಣಿಮನೇಲಿ ಅರ್ಧ ಉಳಿದಿತ್ತು.”

“ತೆರೆದಿದ್ದು ಯಾವಾಗ?”

ಮಾಗ್ನೆ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. “ಮೂರು ವರ್ಷ ಆಗಿರಬಹುದು.”

ನಮ್ಮ ಸ್ಟೈನ್‌ವಿಕ್ ಕಡೆಯ ತಪ್ಪು ಇದೇ. ಹಗ್ಗದ ತುಂಡು, ತುಕ್ಕು ಮೊಳೆ, ಅರ್ಧ ಡಬ್ಬಿ, ಯಾವುದನ್ನೂ ಎಸೆಯದೆ ದೋಣಿಮನೆಗೆ ಸೇರಿಸುತ್ತೇವೆ. ದೋಣಿ ಇಡಲು ಕಡಲಂಚಿಗೇ ಕಟ್ಟಿದ ಕೊಟ್ಟಿಗೆ ಅದು, ಕೆಳಗೆ ಅಲೆ, ಗೋಡೆಯ ತುಂಬ ಉಪ್ಪುಗಾಳಿ. ತೆರೆದ ಡಬ್ಬಿ ಅಲ್ಲಿ ಕುಳಿತಲ್ಲೇ ನೀರು ಕುಡಿಯುತ್ತದೆ. “ಇಳಿಜಾರಲ್ಲಿ ಬ್ರೇಕ್ ಕಾಯುತ್ತೆ, ಒಳಗಿನ ನೀರು ಕುದ್ದು ಗುಳ್ಳೆ ಆಗುತ್ತೆ. ಆಮೇಲೆ ನೀನು ತುಳಿಯೋದು ಬ್ರೇಕಲ್ಲ, ಗುಳ್ಳೆ,” ಎನ್ನುತ್ತಾರೆ ಗುನ್‌ವೋರ್.

ಆ ಗುಳ್ಳೆಯ ಪರಿಚಯ ಅವರಿಗೆ ಹತ್ತೊಂಬತ್ತನೇ ವಯಸ್ಸಿನಲ್ಲೇ ಆಯಿತು. ಡೈರಿಯಲ್ಲಿ ಕೆಲಸಕ್ಕಿದ್ದಾಗ ಹಾಲಿನ ಲಾರಿಯಲ್ಲಿ ಕೂತು ಬರುತ್ತಿದ್ದರು. ಒಂಬತ್ತನೇ ತಿರುವಿನಲ್ಲಿ ಚಾಲಕನ ಕಾಲು ಪೆಡಲ್ ಸಮೇತ ನೆಲ ಮುಟ್ಟಿತು. ಆತ ಲಾರಿಯನ್ನು ಹಿಮದ ದಿಬ್ಬಕ್ಕೆ ನುಗ್ಗಿಸಿ ಇಬ್ಬರ ಜೀವ ಉಳಿಸಿದ. “ಆ ಬ್ರೇಕಿಗೆ ಏನಾಯ್ತು ಅಂತ ಯಾರೂ ಹೇಳಲಿಲ್ಲ. ಅದನ್ನ ತಿಳ್ಕೊಳ್ಳೋಕೇ ಕೆಲಸ ಕಲಿತೆ.” ಕಲಿಸುವವರೂ ಸುಲಭಕ್ಕೆ ಸಿಗಲಿಲ್ಲ. ಎರಡು ಗ್ಯಾರೇಜಿನವರು, ಕಾಫಿ ಮಾಡಲು ಬೇಕಾದರೆ ಬಾ ಎಂದರಂತೆ. ಇಂದು ಅವರ ಬೆರಳುಗಳ ಚರ್ಮ ಬಿರಿದಿದೆ, ಸೊಂಟ ಬಗ್ಗಿದರೆ ಏಳಲು ಸತಾಯಿಸುತ್ತದೆ.

ವಾರಕ್ಕೆ ಮೂರು ನಾಲ್ಕು ಕಾರು ಬರುತ್ತವೆ. ಯಾವ ಕೆಲಸಕ್ಕೇ ಬರಲಿ, ಬ್ರೇಕ್ ಆಯಿಲಿನ ಪರೀಕ್ಷೆ ತಪ್ಪದು. ಕಳೆದ ವರ್ಷ ನೂರ ಅರವತ್ತಮೂರು ಕಾರು ನೋಡಿದರು. ಐವತ್ತೆಂಟರಲ್ಲಿ ಆಯಿಲ್ ಕೆಟ್ಟಿತ್ತು, ಅದರಲ್ಲಿ ಮೂವತ್ತೊಂದರ ಬಣ್ಣ ಚೊಕ್ಕವಾಗಿಯೇ ಇತ್ತು. “ಎರಡು ವರ್ಷ ಆದ್ರೆ ಬದಲಾಯಿಸಿ. ಪೆಡಲ್ ಮೆತ್ತಗಾದ್ರೆ ಅವತ್ತೇ ಬನ್ನಿ. ಇಷ್ಟೇ ನಾನು ಕೇಳೋದು.”

ಮಾಗ್ನೆಗೆ ಈಗ ಚಡಪಡಿಕೆ. ನಿನ್ನೆಯೇ ಬೆಟ್ಟ ಹತ್ತಿ, ಕುರಿ ಕೂಡಿಹಾಕಿಕೊಂಡು ಕಾಯುತ್ತಿರುವ ಸಿನ್ನೋವೆಗೆ ಫೋನ್ ಮಾಡಿ, ಒಂದು ಗಂಟೆ ತಡ ಎನ್ನುತ್ತಾರೆ. ಆಕೆಯ ದನಿ ಗ್ಯಾರೇಜಿನ ಮೂಲೆಗೂ ಕೇಳುತ್ತದೆ. “ಆರು ತಿಂಗಳು ಕಾದಿದ್ದೀನಿ, ಒಂದು ಗಂಟೆ ಕಾಯಲ್ವಾ? ಕುರಿಗಳಿಗೂ ಹೇಳ್ತೀನಿ ಬಿಡು, ಅವಕ್ಕೆ ನಿನಗಿಂತ ಬುದ್ಧಿ ಇದೆ.”

ಗುನ್‌ವೋರ್ ಅವರದೊಂದು ಪದ್ಧತಿ. ಪೆಡಲ್ ಒತ್ತುವ ಕೆಲಸ ಕಾರಿನ ಒಡೆಯರದ್ದೇ. ಮಾಗ್ನೆ ಸೀಟಿನಲ್ಲಿ ಕೂರುತ್ತಾರೆ, ಗುನ್‌ವೋರ್ ಚಕ್ರದ ಬಳಿ ಸ್ಪ್ಯಾನರ್ ಹಿಡಿದು ಮಲಗುತ್ತಾರೆ.

“ಒತ್ತು. ಹಿಡ್ಕೋ. ಬಿಡು.”

“ಎಷ್ಟು ಸಲ?”

“ನಾನು ಸಾಕು ಅನ್ನೋವರೆಗೆ.”

ಹಿಂದಿನ ಎರಡು ಚಕ್ರ, ಆಮೇಲೆ ಮುಂದಿನವು. ಮೇಲಿನಿಂದ ಹೊಸದು ತುಂಬಿದಂತೆ, ಪಾರದರ್ಶಕ ಕೊಳವೆಯಲ್ಲಿ ಹಳೆಯ ಆಯಿಲ್ ಇಳಿಯುತ್ತದೆ, ನಡುನಡುವೆ ಸಾಸಿವೆಯಷ್ಟು ಗುಳ್ಳೆಗಳು. ನಾಲ್ಕನೇ ಚಕ್ರಕ್ಕೆ ಬರುವ ಹೊತ್ತಿಗೆ ಬಿಸಿಲು ಬಾಗಿಲಿಗೆ ಬಂದಿದೆ. ಗುಳ್ಳೆಗಳು ಬರುವುದು ನಿಲ್ಲುತ್ತದೆ.

“ಈಗ ಒತ್ತು.”

ಮಾಗ್ನೆಯ ಕಾಲು ಸ್ವಲ್ಪವೇ ಇಳಿದು ಗಕ್ಕನೆ ನಿಲ್ಲುತ್ತದೆ. ಮತ್ತೊಮ್ಮೆ ಒತ್ತುತ್ತಾರೆ. ಮುಖದಲ್ಲಿ ನಾಚಿಕೆ.

“ಬಂಡೆ ತುಳಿದ ಹಾಗಿದೆ ಕಣೇ.”

ಗುನ್‌ವೋರ್ ಸೊಂಟ ಹಿಡಿದು ಏಳುತ್ತಾರೆ. ಟ್ರೈಲರಿಗೆ ಬಲ್ಬ್ ಹಾಕುತ್ತಾರೆ. ಇವತ್ತಿನ ತಾರೀಖು ಬರೆದ ಚೀಟಿಯನ್ನು ಬಾನೆಟ್ಟಿನ ಒಳಗೆ ಕಟ್ಟಿ, ಬಾನೆಟ್ಟನ್ನು ಎರಡೂ ಕೈಯಿಂದ ಒತ್ತಿ ಮುಚ್ಚುತ್ತಾರೆ.

“ಎರಡನೇ ಗೇರಲ್ಲೇ ಇಳಿ. ಕೊಟ್ಟ ಮಾತು ಉಳಿಸ್ಕೊಂಡೆ ಅಂತ ಸಿನ್ನೋವೆಗೆ ಹೇಳು.”