ಮಂಜಯ್ಯನವರ ಗಂಟಲಲ್ಲಿ ಎಷ್ಟು ಇಂಚು?

೧೯೯೮ರ ಮಳೆಗಾಲ. ನಾನು ಮಂಗಳೂರಿನ ಆಸ್ಪತ್ರೆಯೊಂದರ ರೇಡಿಯೋಥೆರಪಿ ವಿಭಾಗದಲ್ಲಿ ವೈದ್ಯೆಯಾಗಿದ್ದೆ. ಹುಟ್ಟೂರು ಕಾಫಿ ಸೀಮೆಯ ಆಲ್ದೂರು, ಹಾಗಾಗಿ ಘಟ್ಟದ ಮೇಲಿನ ರೋಗಿಗಳು ಬಂದರೆ ತವರಿನವರು ಬಂದಷ್ಟೇ ಖುಷಿ. ಹಾಗೆ ಬಂದವರು ಸಂಸೆಯ ಮಂಜಯ್ಯ. ಕಾಫಿ ಎಸ್ಟೇಟೊಂದರ ರೈಟರ್, ಅಂದರೆ ಗುಮಾಸ್ತರು. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್. ವಾಸಿಯಾಗುವ ಹಂತದಲ್ಲೇ ಸಿಕ್ಕಿತ್ತು. ಆದರೆ ಸುಮಾರು ಏಳು ವಾರ ವಿಕಿರಣ ಚಿಕಿತ್ಸೆ ಕೊಡಬೇಕಿತ್ತು. ನಡುವೆ ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುವ ಅಪಾಯವಿತ್ತು.

ಮೂರನೆಯ ವಾರದ ಹೊತ್ತಿಗೆ ಬಾಯಿ, ಗಂಟಲೆಲ್ಲ ಹುಣ್ಣಾಗುತ್ತದೆ. ಇದನ್ನು ಮ್ಯೂಕೊಸೈಟಿಸ್ ಎನ್ನುತ್ತೇವೆ. ಉಗುಳು ನುಂಗುವುದೂ ಪ್ರಾಣಸಂಕಟ. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಎಂದು ಕೇಳಿ, ಅದರಂತೆ ಔಷಧ ಕೊಡುವುದು ನಮ್ಮ ಪದ್ಧತಿ. ಮಂಜಯ್ಯನವರದು ದಿನವೂ ಒಂದೇ ಉತ್ತರ: “ಅಡ್ಡಿಲ್ಲ ಡಾಕ್ಟ್ರೇ.” ನಮ್ಮ ಕಡೆ ತೋಟದ ಸಾಹುಕಾರರ ಮುಂದೆ ನಿಂತು ಕಷ್ಟ ಹೇಳಿಕೊಳ್ಳುವುದು ಮರ್ಯಾದೆಯಲ್ಲ. ಬಿಳಿ ಕೋಟಿನ ನಾನೂ ಅವರ ಪಾಲಿಗೆ ಸಾಹುಕಾರರೇ!

ಒಂದು ಬೆಳಿಗ್ಗೆ ಅವರ ಹೆಂಡತಿ ಸುಶೀಲಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಬಂದರು.

“ಚೀಲ ಕಟ್ಟಿ ಊರಿಗೆ ಹೊರಟು ಕೂತಿದಾರೆ ಡಾಕ್ಟ್ರಮ್ಮ. ಗಂಜಿನೂ ಇಳೀತಿಲ್ಲ. ನಿಮ್ಮ ಹತ್ರ ಮಾತ್ರ ಅಡ್ಡಿಲ್ಲ ಅಂತಾರೆ.”

ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವುದರಲ್ಲಿತ್ತು. ವಾರ್ಡಿಗೆ ಹೋಗುವಾಗ ಊರಿನ ನೆನಪಾಯಿತು. ಕಾಫಿ ಸೀಮೆಯಲ್ಲಿ ಇಬ್ಬರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಮಳೆಯ ಲೆಕ್ಕ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಂಚು ಹೇಳುವುದು ಎಸ್ಟೇಟಿನ ರೈಟರ ಕೆಲಸ. ಅದರಲ್ಲಿ ದಾಕ್ಷಿಣ್ಯವಿಲ್ಲ, ಕೇಳುವವರು ಸಾಹುಕಾರರೇ ಆದರೂ ಬಿದ್ದಷ್ಟನ್ನೇ ಹೇಳಬೇಕು.

“ರೈಟ್ರೇ, ನಿನ್ನೆ ಗಂಟಲಲ್ಲಿ ಎಷ್ಟು ಇಂಚು ಬಿತ್ತು?” ಎಂದೆ.

ಅವರು ಕಣ್ಣರಳಿಸಿ ನೋಡಿದರು. ಆಮೇಲೆ ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರತೆಗೆದರು. “ಒಂಬತ್ತು. ಚಾರ್ಮಾಡಿ ರಸ್ತೆ ಬಂದ್ ಆಗೋ ಮಳೆ.”

ಸುಶೀಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು, ಹಾಗೇ ಅತ್ತರು.

ನಾನು ನೋವಿಗೆ ಮಾರ್ಫಿನ್ ಬರೆದೆ. “ಅದು ಸಾಯೋರಿಗೆ ಕೊಡೋದಲ್ವಾ?” ಎಂದು ಮಂಜಯ್ಯ ಗಾಬರಿಯಾದರು.

“ಮಳೆಗಾಲದ ಕಂಬಳಿ ಇದ್ದ ಹಾಗೆ ಮಾರಾಯ್ರೇ. ಮಳೆ ಬಿಟ್ಟ ಮೇಲೆ ಯಾರು ಹೊದೀತಾರೆ?” ಎಂದೆ.

ಮೂಗಿನ ನಳಿಕೆಯಿಂದ ಆಹಾರವನ್ನೂ ಕೊಡತೊಡಗಿದೆವು. ಕೆಲವೇ ದಿನಗಳಲ್ಲಿ ಒಂಬತ್ತು ಇಂಚು ನಾಲ್ಕಕ್ಕೆ ಇಳಿಯಿತು. ಕಟ್ಟಿದ್ದ ಚೀಲ ಮಂಚದ ಕೆಳಗೆ ಸೇರಿತು. ನಮ್ಮ ಕಿರಿಯ ವೈದ್ಯನೊಬ್ಬ ಕೇಸ್ ಶೀಟಿನಲ್ಲಿ “ನೋವು ನಾಲ್ಕು ಇಂಚು” ಎಂದೇ ಬರೆದುಬಿಟ್ಟ. “ಇದೇನ್ರೀ, ನೋವಿಗೆ ಟೇಪು ಹಿಡಿದಿರಾ?” ಎಂದು ವಿಭಾಗದ ಮುಖ್ಯಸ್ಥರು ಕೇಳಿದಾಗ ವಾರ್ಡಿಗೆ ವಾರ್ಡೇ ನಕ್ಕಿತು. ಮಂಜಯ್ಯನವರ ಚಿಕಿತ್ಸೆ ಒಂದು ದಿನವೂ ತಪ್ಪದೆ ಮುಗಿಯಿತು.

ಕಾಫಿ ಕೊಯ್ಲಿನ ಕಾಲಕ್ಕೆ ಅವರು ತಪಾಸಣೆಗೆ ಬಂದರು. ಗಡ್ಡೆಯ ಸುಳಿವೇ ಇರಲಿಲ್ಲ. ಎಷ್ಟು ಇಂಚು ಎಂದೆ.

“ಸೊನ್ನೆ ಡಾಕ್ಟ್ರೇ. ಧೈರ್ಯವಾಗಿ ಕಣದಲ್ಲಿ ಕಾಫಿ ಒಣಗೋಕೆ ಹರವಬಹುದು.”

ಪಕ್ಕದ ಬೆಂಚಿನಲ್ಲಿ ಕೊಟ್ಟಿಗೆಹಾರದ ಹೊಸ ರೋಗಿಯೊಬ್ಬ ಕೆನ್ನೆ ಹಿಡಿದು ಕೂತಿದ್ದ. ನೋವು ಹೇಗಿದೆ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿ “ಅಡ್ಡಿಲ್ಲ” ಎಂದ. ನಾನು ಬಾಯಿ ತೆರೆಯುವ ಮೊದಲೇ ಮಂಜಯ್ಯ ಅವನ ಕಡೆ ತಿರುಗಿದರು.

“ಸುಮ್ನೆ ಅಡ್ಡಿಲ್ಲ ಅನ್ಬೇಡ ಮಾರಾಯ. ಬಿದ್ದಷ್ಟು ಹೇಳು. ಇವ್ರು ನಮ್ಮ ಕಡೆಯೋರೇ.”

ಅಂದಿನಿಂದ ನಿವೃತ್ತಿಯಾಗುವವರೆಗೂ, ನೋವೆಷ್ಟು ಎಂದು ಕೇಳುವ ಮೊದಲು ನಾನು ರೋಗಿಗಳನ್ನು ಕೇಳುತ್ತಿದ್ದದ್ದು ಊರಿನಲ್ಲಿ ನಿಮ್ಮ ಕೆಲಸವೇನು ಎಂದು.