ಕ್ಯಾಮೆರಾಕ್ಕೆ ಹಚ್ಚಿದ ಗಂಧ

ಹೊನ್ನಾವರದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿರುವ ಮಂಗಲಕ್ಕನ ಸ್ಟುಡಿಯೋ ಮೆಟ್ಟಿಲು ಹತ್ತುವಾಗ ಸುಪ್ರಿಯಾಳ ಸೊಂಟದಲ್ಲಿ ಏಳು ತಿಂಗಳ ಪ್ರಣಿತಾ, ಕೈಯಲ್ಲಿ ಟವೆಲ್ ಸುತ್ತಿದ ಕ್ಯಾಮೆರಾ.

"ಎಂತ ಆತೇ ತಂಗಿ?"

"ನಮ್ಮತ್ತೆ ಇದಕ್ಕೆ ಆಯುಧಪೂಜೆ ಮಾಡಿಬಿಟ್ರು ಅಕ್ಕಾ."

ಮಂಗಲಕ್ಕ ಟವೆಲ್ ಬಿಚ್ಚಿ ನೋಡಿದಳು. ಕರ್ಕಿಯ ಸುಪ್ರಿಯಾಳ ಮನೆಯಲ್ಲಿ ಕತ್ತಿ, ಹಾರೆ, ಮಿಕ್ಸಿ, ಸ್ಕೂಟರ್ ಎಲ್ಲಕ್ಕೂ ಗಂಧ ಬಿದ್ದಿತ್ತು. ಗಂಡ ವಿಶ್ವನಾಥ ಚಾರ್ಜಿಗೆಂದು ಬ್ಯಾಟರಿ ತೆಗೆದು ಕ್ಯಾಮೆರಾದ ಅಡಿಯ ಮುಚ್ಚಳವನ್ನು ತೆರೆದೇ ಬಿಟ್ಟಿದ್ದ; ಫೋಟೋ ಕಾರ್ಡು ಕೂರುವುದೂ ಅಲ್ಲೇ. ಮೊಮ್ಮಗಳ ಫೋಟೋ ತೆಗೆಯುವ ಯಂತ್ರವಲ್ಲವೇ ಎಂದು ಅತ್ತೆ ಮಹಾಲಕ್ಷ್ಮೀ ಅದಕ್ಕೆ ಮಾತ್ರ ಧಾರಾಳವಾಗಿ, ಒಳಗೂ ಹೊರಗೂ, ನೀರು ನೀರಾದ ಗಂಧ ಮೆತ್ತಿದ್ದರು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಮುಟ್ಟುವ ಹೊತ್ತಿಗೆ ಅದು ಗಾರೆಯಂತೆ ಗಟ್ಟಿಯಾಗಿತ್ತು. ಬ್ಯಾಟರಿ ಹಾಕಿದರೆ ಪರದೆಯ ಮೇಲೆ ಒಂದೇ ಮಾತು: ಕಾರ್ಡ್ ಇಲ್ಲ.

ಕಾರ್ಡಿನಲ್ಲಿ ಇದ್ದದ್ದು ಪ್ರಣಿತಾಳ ಏಳು ತಿಂಗಳೂ. ಹುಟ್ಟುವಾಗ ಹಣೆಯ ಮೇಲೆ ಸಾಸಿವೆಯಷ್ಟಿದ್ದ ಕೆಂಪು ಮಚ್ಚೆ ಈಗ ಗೋಲಿಯಷ್ಟಾಗಿತ್ತು. ಅದು ಇನ್ನೂ ಬೆಳೆಯುತ್ತಿದೆಯೋ ನಿಂತಿದೆಯೋ ನೋಡಿ ಔಷಧ ನಿರ್ಧರಿಸೋಣ, ಹಳೆಯ ಫೋಟೋಗಳನ್ನು ತಾರೀಕು ಸಮೇತ ತನ್ನಿ ಎಂದಿದ್ದರು ಮಣಿಪಾಲದ ಡಾಕ್ಟರು. ಹೋಗಬೇಕಾದದ್ದು ನಾಳೆ. ದಿನಾ ನೋಡುವ ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ದೊಡ್ಡದಾದಂತೆ, ಇನ್ನೊಂದು ದಿನ ರೆಪ್ಪೆಯವರೆಗೂ ಹಬ್ಬಿದಂತೆ.

"ಫೋನಿನಲ್ಲಿ ಒಂದೂ ಇಲ್ವಾ?"

ಇರಲಿಲ್ಲ. ಕೂಸಿನ ಹತ್ತಿರ ಫೋನು ತರಬಾರದೆಂದು ಎಲ್ಲೋ ಓದಿ, ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದವಳು ಸುಪ್ರಿಯಾಳೇ.

"ಆತು, ಕೂತ್ಕ. ಹೆದ್ರೂಕೆ ಎಂತದೂ ಇಲ್ಲ."

ಮಂಗಲಕ್ಕ ಮೂಲೆಯ ಪೊರಕೆಯಿಂದ ತೆಂಗಿನ ಕಡ್ಡಿಯೊಂದನ್ನು ಎಳೆದು, ತುದಿ ಚಪ್ಪಟೆ ಮಾಡಿ, ಗಂಧವನ್ನು ಒಂದೊಂದೇ ಚಕ್ಕೆ ಎಬ್ಬಿಸತೊಡಗಿದಳು. ಕೈ ಕೆಲಸ ಮಾಡುತ್ತಿತ್ತು, ಬಾಯಿ ತನ್ನ ಕತೆ ಹೇಳುತ್ತಿತ್ತು. ಸ್ಟುಡಿಯೋ ಗಂಡ ಶಾಂತಾರಾಮನದು. ಸ್ಕೂಟರಿನಿಂದ ಬಿದ್ದು ಅವನ ಬಲಗೈ ಸೋತಾಗ ಮುಚ್ಚುವುದೇ ಸೈ ಎಂದರು ಎಲ್ಲರೂ. ನಲವತ್ತರ ಮೇಲೆ ಅವಳು ಮೌಸ್ ಹಿಡಿದಳು.

"ಬಾಣ ಮೇಲೆ ಹೋಗ್ಲಿ ಅಂತ ಮೌಸನ್ನೇ ಎತ್ತಿ ಹಿಡೀತಿದ್ದೆ. ಇವ್ರು ಹೇಳ್ತಿದ್ರು, ಅದು ದೋಸೆ ಸಟ್ಗ ಅಲ್ವೇ ಮಾರಾಯ್ತಿ ಅಂತ!"

ಸುಪ್ರಿಯಾಳಿಗೆ ನಗು ಬರಲಿಲ್ಲ. ಅವಳ ಕಣ್ಣು ಕಾರ್ಡಿನ ಹತ್ತಿರ ಆಡುತ್ತಿದ್ದ ಕಡ್ಡಿಯ ಮೇಲೇ ಇತ್ತು.

ಕಾರ್ಡು ಹೊರಬಂತು, ಹಳದಿ ಮೆತ್ತಿಕೊಂಡು. ಮಂಗಲಕ್ಕ ಶಾಲೆಮಕ್ಕಳ ರಬ್ಬರಿನಿಂದ ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಕಂಪ್ಯೂಟರಿಗೆ ಸಿಕ್ಕಿಸಿದಳು. ಏನೂ ಇಲ್ಲ. ತೆಗೆದಳು, ಮತ್ತೆ ಉಜ್ಜಿದಳು. ಸುಪ್ರಿಯಾ ಮಗುವನ್ನು ಎಷ್ಟು ಬಿಗಿಯಾಗಿ ಅವಚಿದಳೆಂದರೆ ಅದು ಕೊಸರಾಡಿತು. ಮೂರನೆಯ ಸಲ ಪರದೆಯ ಮೇಲೆ ಹಳದಿ ಬಣ್ಣದ ಫೋಲ್ಡರು ಮೂಡಿತು.

"ಬಂತು! ತೆಗೀರಿ ಅಕ್ಕಾ, ತೋರಿಸಿ!"

"ಇಲ್ಲ." ಮಂಗಲಕ್ಕನ ದನಿ ಗಟ್ಟಿಯಾಯಿತು. "ಮೊದ್ಲು ಇಳಿಸ್ಕಂಬುದು, ಮತ್ತೆ ನೋಡುದು."

ಸ್ಟುಡಿಯೋ ನಡೆಸತೊಡಗಿದ ಮೊದಲ ವರ್ಷ ಹಿರೇಗುತ್ತಿಯ ಮದುವೆಯೊಂದರ ಫೋಟೋ ಕಾರ್ಡಿನಲ್ಲಿ ಅವಳು ಕೈ ಸುಟ್ಟುಕೊಂಡಿದ್ದಳು. ಫೋಟೋ ಇಳಿಯುತ್ತಿರುವಾಗಲೇ ಮದುಮಗನ ತಮ್ಮ ನೋಡುವ ಆತುರಕ್ಕೆ ಕಾರ್ಡು ಕಿತ್ತ. ಊಟದ ಪಂಕ್ತಿ ಉಳಿಯಿತು, ಧಾರೆಯೇ ಹೋಯಿತು. "ಆ ಮದುಮಗ್ಳು ಹುಡುಗಿ ಈಗ್ಲೂ ಪೇಟೇಲಿ ಕಂಡ್ರೆ ಕೇಳ್ತದೆ, ಅಕ್ಕಾ, ನಂಗೆ ಮದ್ವೆ ಆಯ್ದಾ ಇಲ್ವಾ?"

ಹಸಿರು ಪಟ್ಟಿ ಇರುವೆಯಂತೆ ತೆವಳಿತು. ಅರ್ಧಕ್ಕೆ ಬಂದು ನಿಂತಾಗ ಸುಪ್ರಿಯಾ ಮಂಜುಗುಣಿ ದೇವರಿಗೆ ಹರಕೆ ಹೊತ್ತಳು. ಪಟ್ಟಿ ಮತ್ತೆ ಹೊರಟಿತು. ಮುನ್ನೂರ ಹನ್ನೆರಡು ಫೋಟೋ. ಅದೆಲ್ಲ ಮುಗಿದ ಮೇಲೆ ಪೆನ್‌ಡ್ರೈವಿಗೂ ಒಂದು ಪ್ರತಿ. ಆಮೇಲೆಯೇ ಮಂಗಲಕ್ಕ ತಿಂಗಳಿಗೊಂದರಂತೆ ಏಳನ್ನು ಆರಿಸಿ, ಸಾಲಾಗಿ, ದೊಡ್ಡದಾಗಿ ಇಟ್ಟಳು.

ಮೊದಲ ನಾಲ್ಕು ತಿಂಗಳು ಮಚ್ಚೆ ನಿಜವಾಗಿಯೂ ಬೆಳೆದಿತ್ತು. ಸುಪ್ರಿಯಾಳ ಭಯ ಸುಳ್ಳಾಗಿರಲಿಲ್ಲ. ಐದು, ಆರು, ಏಳು: ಅವಳು ಪರದೆಯ ಮೇಲೆ ಬೆರಳಿಟ್ಟು ಅಳೆದಳು. ಮತ್ತೊಮ್ಮೆ ಅಳೆದಳು. ಮೂರರಲ್ಲೂ ಮಚ್ಚೆ ಅಷ್ಟೇ ಇತ್ತು. ಕೊನೆಯದರಲ್ಲಿ ನಡುವೆ ಕೆಂಪು ಮಾಸಿ ಬೂದಿಯಂಥ ಬಿಳುಪು.

"ನಿಂತದೆ ಅಲ್ವಾ ಅಕ್ಕಾ?"

"ನಂಗೆ ಹಾಗೇ ಕಾಣ್ತದೆ. ಮುಂದಿಂದು ಡಾಕ್ಟ್ರು ಹೇಳ್ಲಿ."

ಸುಪ್ರಿಯಾ ಕೂಸನ್ನು ನೆಲದ ಮೇಲೆ ಕೂರಿಸಿ, ದೂರ ನಿಂತು ಅತ್ತೆಗೆ ಫೋನು ಮಾಡಿ ಹೇಳಿದಳು. ತನ್ನಿಂದ ಹೀಗಾಯಿತೆಂದು ಬೆಳಿಗ್ಗೆಯಿಂದ ಉಂಡಿರದ ಮಹಾಲಕ್ಷ್ಮೀ ಅತ್ತ ಕಡೆಯಿಂದ, "ನಾ ಹೇಳ್ಲಿಲ್ವಾ? ಪೂಜೆ ಫಲ ಎಲ್ಲಿ ಹೋಗ್ತದೆ!" ಎಂದರು. ಈ ಸಲ ಸುಪ್ರಿಯಾಳಿಗೆ ನಗು ತಡೆಯಲಾಗಲಿಲ್ಲ. ಅಮ್ಮ ನಕ್ಕದ್ದು ಕಂಡು ಪ್ರಣಿತಾಳೂ ಬೊಚ್ಚುಬಾಯಿ ತೆರೆದಳು.

"ಹಾಗೇ ಇರು," ಎಂದು ಮಂಗಲಕ್ಕ ಕಾರ್ಡನ್ನು ಅದೇ ಕ್ಯಾಮೆರಾಕ್ಕೆ ಹಾಕಿ ಒಂದು ಫೋಟೋ ತೆಗೆದಳು. "ಇವತ್ತಿಂದೂ ಒಂದು ಬೇಕಲ್ಲ. ಕಾಣು, ಎಷ್ಟು ಚೆಂದ ಬಂದದೆ."

"ಬೇಡ, ತೋರಿಸಬೇಡಿ," ಎಂದಳು ಸುಪ್ರಿಯಾ. "ಮೊದಲು ಇಳಿಸ್ಕೊಳ್ಳಿ."