ಬೆಳಗಿನ ಜಾವ ಮನೆ ನೋಡುವ ಅಕ್ಕ

ಇನ್ನೂ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಖಾಲಿ ಕೋಣೆಯಲ್ಲಿ ಅಕ್ಕ ಬೀರುವನ್ನು ಗೋಡೆಯಿಂದ ಒಂದು ಗೇಣು ಎಳೆದು, ಹಿಂದಕ್ಕೆ ಕೈ ತೂರಿಸುತ್ತಾರೆ. ಅಂಗೈಯನ್ನು ಗೋಡೆಗೆ ಒತ್ತಿ, ಮೂಗಿನ ಹತ್ತಿರ ತಂದು ಮೂಸಿ, "ಊಹೂಂ" ಅನ್ನುತ್ತಾರೆ. ಬಾಗಿಲಲ್ಲಿ ನಿಂತಿರುವ ಬಸ್ ಡ್ರೈವರ್ ಮುಖ ಸಣ್ಣದಾಗುತ್ತದೆ. ಶುಕ್ರವಾರ ಅವನ ಹೆಂಡತಿ, ಪುಟ್ಟ ಮಗಳು ಊರಿಂದ ಈ ದೇಶಕ್ಕೆ ಬಂದಿಳಿಯುತ್ತಾರೆ. ಮಗಳಿಗೆ ಉಬ್ಬಸ. ಅವನೀಗ ಇರುವುದು ನಾಲ್ಕಾರು ಡ್ರೈವರುಗಳು ಸೇರಿ ಹಿಡಿದಿರುವ ಕೋಣೆಯಲ್ಲಿ. ಅಲ್ಲಿಗೆ ಸಂಸಾರ ಕರೆತರುವಂತಿಲ್ಲ.

"ಈ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಯಾಕೆ ಬಳಿದಿದ್ದಾರೆ ಹೇಳು ತಮ್ಮಾ?" ಎಂದು ಅಕ್ಕ ಕೇಳುತ್ತಾರೆ. "ಒಳಗೆ ಬೂಷ್ಟು ಕೂತಿದೆ. ಮಗು ಇಲ್ಲಿ ಮಲಗಿದ್ರೆ ಒಂದು ವಾರವೂ ತಡೆಯಲ್ಲ."

ಅಕ್ಕನ ಕೆಲಸ ಮನೆ ಹುಡುಕಿಕೊಡುವುದಲ್ಲ. ಈ ಬೀದಿಯ ಕಟ್ಟಡಗಳ ಮೆಟ್ಟಿಲು ಒರೆಸುವುದು, ಬಾಡಿಗೆಯವರು ಬಿಟ್ಟುಹೋದ ಮನೆಗಳನ್ನು ತೊಳೆದು ಹಸನು ಮಾಡುವುದು. ಆದರೆ ಕನ್ನಡದವರು ಯಾರೇ ಹೊಸದಾಗಿ ಬರಲಿ, ಯಾರೋ ಒಬ್ಬರು ಅವರ ಕಿವಿಯಲ್ಲಿ "ಮೊದಲು ಗೋಡೆ ಅಕ್ಕನನ್ನ ಕೇಳಿ" ಎಂದು ಊದಿರುತ್ತಾರೆ. ಅಕ್ಕ ಕೆಲಸಕ್ಕೆ ಹೋಗುವ ಮುಂಚೆ ಬಂದು ಮನೆ ನೋಡುತ್ತಾರೆ. ಅವರ ಬಗ್ಗೆ ಬರೆಯಲೆಂದು, ಹೊದಿಕೆ ಬಿಟ್ಟು ಏಳಲು ಒದ್ದಾಡಿ ಜೊತೆಗೆ ಬಂದಿರುವ ನಾನು, ಹತ್ತು ಗಂಟೆಗೆ ಬಂದರೆ ಆಗಲ್ವಾ ಎಂದು ಗೊಣಗುತ್ತೇನೆ.

"ಹತ್ತು ಗಂಟೆ ಬಿಸಿಲಿಗೆ ಯಾವ ಮನೆಯಾದ್ರೂ ಮದುವಣಗಿತ್ತಿ ಥರಾನೇ ಕಾಣ್ಸುತ್ತೆ ಕಣ್ರೀ," ಎಂದು ಅಕ್ಕ ನಗುತ್ತಾರೆ. "ಹೀಟರ್ ಹಾಕೋ ಮುಂಚೆ ನೋಡ್ಬೇಕು. ಆಗ ಗೋಡೆ ಬೆವರ್ತಿರುತ್ತೆ."

ಇದನ್ನು ಅವರು ಕಲಿತದ್ದು ತಮ್ಮದೇ ಮನೆಯ ಗೋಡೆಯಿಂದ. ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಗಂಡನ ಹಿಂದೆ ಈ ದೇಶಕ್ಕೆ ಬಂದವರು ಅಕ್ಕ. "ಮೊದಲನೇ ಚಳಿಗಾಲ. ಅಬ್ಬಬ್ಬಾ! ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿಬಿಟ್ಟೆ. ಒಗೆದದ್ದೆಲ್ಲ ಒಳಗೇ ಒಣಗಿಸಿದೆ. ಆ ನೀರು ಗೋಡೆಗೆ ಹೋಯ್ತು. ಗೋಡೆಯಿಂದ ನನ್ನ ಮಗನ ಎದೆಗೆ ಹೋಯ್ತು." ಮಗ ಈಗ ಬೆಳೆದಿದ್ದಾನೆ, ದುಡಿಯುತ್ತಿದ್ದಾನೆ. ಉಸಿರಿನ ಔಷಧಿ ಮಾತ್ರ ಇವತ್ತಿಗೂ ಜೇಬಿನಲ್ಲೇ ಇರುತ್ತದೆ. ಅಷ್ಟು ಹೇಳಿ ಅಕ್ಕ ಸೆರಗಿಲ್ಲದ ಕೋಟಿನ ತೋಳಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ.

ಅಷ್ಟರಲ್ಲಿ ಮನೆ ತೋರಿಸುವವರು ಟೀ ಹಿಡಿದು ಬರುತ್ತಾರೆ. ಅವರೂ ನಮ್ಮ ಭಾಷೆಯವರೇ. "ನಮ್ಮ ನಮ್ಮಲ್ಲಿ ಕಾಗದ ಪತ್ರ ಎಲ್ಲ ಯಾಕೆ? ನಾನಿದೀನಲ್ಲ!" ಎನ್ನುತ್ತಾರೆ. ಡ್ರೈವರ್ ಆಗಲೇ ಅರ್ಧ ಕರಗಿದ್ದಾನೆ. ಅಕ್ಕ ಮಾತ್ರ ನಿಧಾನವಾಗಿ ಟೀ ಹೀರಿ, "ಟೀ ಚೆನ್ನಾಗಿದೆ ಅಣ್ಣಾ. ಮನೆ ನಿಮ್ದೇನಾ?" ಎಂದು ಕೇಳುತ್ತಾರೆ. ಅಣ್ಣನಿಗೆ ತಟ್ಟನೆ ಕೆಮ್ಮು ಬರುತ್ತದೆ. ಅವರೂ ಬಾಡಿಗೆಗೇ ಇರುವವರು. ಕೋಣೆಯನ್ನು ಹೀಗೆ ಇನ್ನೊಬ್ಬರಿಗೆ ಕೊಡುತ್ತಿರುವುದು ಮಾಲೀಕರಿಗೆ ಗೊತ್ತೇ ಇಲ್ಲ. ಗೊತ್ತಾದ ದಿನ ಎಲ್ಲರೂ ಬೀದಿಗೆ.

"ಹಾಗೆ ಮುಖಕ್ಕೆ ಹೊಡೆದ ಹಾಗೆ ಕೇಳಬಾರದಿತ್ತು ಅಕ್ಕಾ," ಎಂದು ಡ್ರೈವರ್ ಮೆಟ್ಟಿಲಿಳಿಯುತ್ತಾ ಮುನಿಸಿಕೊಳ್ಳುತ್ತಾನೆ. "ಪಾಪ, ಟೀ ಬೇರೆ ಕೊಟ್ಟರು."

"ಟೀ ದಾಕ್ಷಿಣ್ಯಕ್ಕೆ ಮನೆ ಹಿಡೀತೀಯೇನೋ?" ಎಂದು ಗದರಿ, ಅಕ್ಕ ನನ್ನ ಕಡೆ ತಿರುಗುತ್ತಾರೆ. "ಇದೇ ನೋಡಿ ನಮ್ಮೋರ ಕಾಯಿಲೆ. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ರೆ ಸಾಕು, ಬಾಯಿ ಕಟ್ಟಿಹೋಗುತ್ತೆ. ಕರಾರು ಮಾಲೀಕರ ಜೊತೆಗೇ ಆಗ್ಬೇಕು. ಒಳಗೆ ಕಾಲಿಟ್ಟು ನೋಡದೆ ಮುಂಗಡ ಕೊಡಬಾರದು. ಹೋದ ದಿನವೇ ಮೂಲೆ ಮೂಲೆ ಫೋಟೋ ತೆಗೆದಿಟ್ಕೋಬೇಕು, ಬಿಡುವಾಗ ತಕರಾರು ಬರಬಾರದಲ್ವಾ? ಇದನ್ನ ಕೇಳೋಕೂ ನಾಚಿಕೆ ಅಂದ್ರೆ ಹೇಗೆ?"

ಡ್ರೈವರ್ ಮೆಟ್ಟಿಲ ಮೇಲೇ ಕುಸಿದು ಕೂರುತ್ತಾನೆ. "ಎಲ್ಲ ಸರಿ ಅಕ್ಕಾ. ಶುಕ್ರವಾರ ಅವರನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?" ಎನ್ನುವಾಗ ದನಿ ಒಡೆಯುತ್ತದೆ. ಅಕ್ಕ ಪಕ್ಕದಲ್ಲಿ ಕೂತು ಅವನ ಬೆನ್ನು ಸವರುತ್ತಾರೆ.

ಆಮೇಲಿನ ದಿನಗಳಲ್ಲಿ ಅಕ್ಕ ಮೆಟ್ಟಿಲು ಒರೆಸುತ್ತಲೇ ಕಂಡ ಕಂಡವರನ್ನೆಲ್ಲ ಕೇಳುತ್ತಾರೆ. ಅಂಚೆಯವನನ್ನು, ಲಿಫ್ಟ್ ರಿಪೇರಿಯವನನ್ನು, ಬೇಕರಿಯ ಅಜ್ಜಿಯನ್ನು. ಅಜ್ಜಿಯ ಅಂಗಡಿಯ ಮೇಲಿನ ಮನೆಯೇ ಖಾಲಿ! ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಬೆಳಗಾಗುವ ಮೊದಲೇ ಕೆಳಗೆ ಹಿಟ್ಟು ನಾದುವ ಯಂತ್ರದ ಗಡಗಡ. ಆದರೆ ಒಲೆಯ ಕಾವಿಗೆ ಗೋಡೆಗಳು ಹಪ್ಪಳದಷ್ಟು ಒಣಗಿವೆ. ಅಕ್ಕ ಅಂಗೈ ಒತ್ತಿ, ಮೂಸಿ, "ಹೂಂ" ಅನ್ನುತ್ತಾರೆ. ಅಜ್ಜಿ ಮಾಲೀಕರೇ, ಕರಾರಿಗೆ ಸಹಿ ಬೀಳುತ್ತದೆ.

ಶುಕ್ರವಾರ ಬಂದಿಳಿದ ಹೆಂಡತಿ ಬಾಗಿಲಲ್ಲೇ ನಿಂತು, "ಇದೇನ್ರೀ ಇದು, ಪಾರಿವಾಳದ ಗೂಡು!" ಎಂದು ಮೂಗು ಮುರಿದರಂತೆ. ಅಕ್ಕನಿಗೆ ಅದನ್ನು ಹೇಳುವುದೇ ಒಂದು ಖುಷಿ.

ಭಾನುವಾರ ಅಕ್ಕನಿಗೆ ಫೋನ್ ಮಾಡುತ್ತೇನೆ. ಬರೆಯುವ ಮುನ್ನ ಎಲ್ಲರನ್ನೂ ಕೇಳುವ ಹಾಗೆ ಅವರನ್ನೂ "ನಿಮ್ಮ ಆಸೆ ಏನು?" ಎಂದು ಕೇಳುವುದು ಬಾಕಿ ಇದೆ. ಅಕ್ಕ ಆ ಮನೆಯಲ್ಲೇ ಇದ್ದಾರೆ. ಹಿಂದಿನಿಂದ ಮಗುವಿನ ಚೀರಾಟ. ಸ್ನಾನ ಬೇಡವೇ ಬೇಡವೆಂದು ಮನೆ ಹಾರಿಹೋಗುವ ಹಾಗೆ ರಂಪ. ಆಮೇಲೆ ಮಾಡಲಾ ಎನ್ನುತ್ತೇನೆ.

"ಇರಿ ಇರಿ, ಇಡಬೇಡಿ. ಕೇಳಿಸ್ತಿದೆಯಾ?" ಎಂದು ಅಕ್ಕ ಫೋನನ್ನು ಆ ಕಡೆ ಹಿಡಿಯುತ್ತಾರೆ. "ಆಗಲಿಂದ ಕಿರುಚ್ತಾನೇ ಇದಾಳೆ, ಒಂದು ಸಲ ಕೆಮ್ಮಿಲ್ಲ! ಇನ್ನೇನ್ರೀ ಆಸೆ?"